ಚಿಕ್ಕ ಜಾಗ, ಕೈ ತುಂಬ ಕೆಲಸ: ಪುಟ್ಟ ಮಾಡೆಲ್ ರೈಲು ಲೇಔಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಡೆಲ್ ರೈಲಿನ ಮಾತು ಬಂದಾಗ ಜನ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. (ಲೇಔಟ್ ಅಂದರೆ ಇಲ್ಲಿ ಬೋರ್ಡಿನ ಮೇಲೆ ಹಳಿ, ಕಟ್ಟಡ ಜೋಡಿಸಿ ಮಾಡಿದ ಪುಟ್ಟ ರೈಲು ಲೋಕ.) ಕೆಲವು ಪತ್ರದಲ್ಲಿ ಬಂದವು, ಕೆಲವು ಎದುರಿಗೇ ಕೇಳಿದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಪಳಗಿದವರವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿ ಬಿಟ್ಟರೂ ತೊಂದರೆ ಇಲ್ಲ.

## ಶುರು ಮಾಡುವ ಮುನ್ನ

ರೈಲು ರೌಂಡ್ ಹೊಡೆಯೋದು ಬಿಟ್ಟು ಇನ್ನೇನು ಮಾಡುತ್ತೆ? ನಮ್ಮ ಹುಡುಗನಿಗೆ ಎರಡೇ ದಿನಕ್ಕೆ ಬೇಜಾರಾಯ್ತು.

ಬೇಜಾರಾಗಿದ್ದು ಸಹಜ. ಸುತ್ತು ಹೊಡೆಯುವ ರೈಲಿಗೆ ಹೋಗಬೇಕಾದ ಊರಿಲ್ಲ, ಮುಗಿಸಬೇಕಾದ ಕೆಲಸವೂ ಇಲ್ಲ. ನಿಜವಾದ ರೈಲು ಹಾಗಲ್ಲ ಅಲ್ವಾ? ಗೂಡ್ಸ್ ಗಾಡಿ ಒಂದು ಸ್ಟೇಷನ್‌ಗೆ ಬರುತ್ತದೆ. ತುಂಬಿದ ವ್ಯಾಗನ್ ಬಿಡುತ್ತದೆ, ಖಾಲಿಯಾದದ್ದನ್ನು ಎತ್ತಿಕೊಳ್ಳುತ್ತದೆ, ಇಂಜಿನ್ ಇನ್ನೊಂದು ತುದಿಗೆ ಹೋಗಿ ಜೋಡಿಸಿಕೊಳ್ಳುತ್ತದೆ, ಸಿಗ್ನಲ್ ಬಿದ್ದ ಮೇಲೆ ಹೊರಡುತ್ತದೆ. ಈ ಕೆಲಸವನ್ನೇ ಪುಟ್ಟದಾಗಿ ಮಾಡುವುದಕ್ಕೆ ‘ಆಪರೇಷನ್’ ಅನ್ನುತ್ತಾರೆ.

ಈ ಪುಟದ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತು. ರೈಲು ಮಾಡಬೇಕಾದ ಕೆಲಸ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಹಳಿ ಎಲ್ಲಿ ಹಾಕಬೇಕು ಅನ್ನುವುದನ್ನು ಆ ಕೆಲಸವೇ ಹೇಳುತ್ತದೆ. ಜಾಸ್ತಿ ಹಳಿ ಹಾಕಿದ ಮಾತ್ರಕ್ಕೆ ಆಟ ರಂಗೇರುವುದಿಲ್ಲ.

ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಕನಿಷ್ಠ ಎಷ್ಟು ಜಾಗ ಬೇಕು?

ಪುಸ್ತಕ ಜೋಡಿಸುವ ಒಂದು ಶೆಲ್ಫ್ ಸಾಕು. ಎಚ್‌ಒ ಅಳತೆಯಲ್ಲಿ (ಎಚ್‌ಒ, ಎನ್ ಅಂದರೇನು ಅಂತ ಮುಂದಿನ ಪ್ರಶ್ನೆಯಲ್ಲಿದೆ) ಸುಮಾರು ನಾಲ್ಕೂವರೆ ಅಡಿ ಉದ್ದ, ಒಂದು ಅಡಿ ಅಗಲ ಇದ್ದರೆ ದಿನವೂ ಆಡಬಹುದಾದ ಶಂಟಿಂಗ್ ಯಾರ್ಡ್, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ, ಜೋಡಿಸಿ, ಹಿಂದೆ ಮುಂದೆ ತಳ್ಳುವ ಜಾಗ ಆಗುತ್ತದೆ. ಎನ್ ಅಳತೆಯಲ್ಲಾದರೆ ಎರಡೂವರೆ ಅಡಿ. ಗೋಡೆ ಬದಿಯ ಮೇಜು, ಕಿಟಕಿ ಕೆಳಗಿನ ಕಟ್ಟೆ, ವಾರ್ಡ್‌ರೋಬ್ ತಲೆ, ಯಾವುದೂ ಆಗುತ್ತದೆ. ಎರಡು ತುಂಡಾಗಿ ಮಾಡಿ ಮಂಚದ ಕೆಳಗೆ ಇಡುವವರೂ ಇದ್ದಾರೆ.

ಜಾಗಕ್ಕಿಂತ ಎತ್ತರದ ಕಡೆ ಜಾಸ್ತಿ ಗಮನ ಕೊಡಿ. ನೀವು ಎಲ್ಲಿ ಕೂತು ಅಥವಾ ನಿಂತು ಓಡಿಸುತ್ತೀರೋ ಅಲ್ಲಿಂದ ಕೈ ಎಲ್ಲ ಹಳಿಗೂ ಆರಾಮಾಗಿ ಎಟುಕಬೇಕು. ಎರಡು ಅಡಿಗಿಂತ ಒಳಗೆ ಇರುವ ಹಳಿಯನ್ನು ಒರೆಸುವುದೂ ಕಷ್ಟ, ಬಿದ್ದ ವ್ಯಾಗನ್ ಎತ್ತುವುದೂ ಕಷ್ಟ.

ಎಚ್‌ಒ ತಗೊಳ್ಳಲಾ, ಎನ್ ತಗೊಳ್ಳಲಾ?

ಎಚ್‌ಒ ಅಂದರೆ ನಿಜದ 87ರಲ್ಲಿ ಒಂದು ಪಾಲು, ಹಳಿಯ ಅಗಲ 16.5 ಮಿ.ಮೀ. ಎನ್ ಅಂದರೆ 160ರಲ್ಲಿ ಒಂದು ಪಾಲು, ಹಳಿಯ ಅಗಲ 9 ಮಿ.ಮೀ. ಉದ್ದದ ರೈಲು ಗುಡ್ಡ ಬೆಟ್ಟದ ನಡುವೆ ಸಾಗುವುದನ್ನು ನೋಡುವ ಆಸೆ ಇದ್ದರೆ ಎನ್ ಒಳ್ಳೆಯದು. ವ್ಯಾಗನ್ ಜೋಡಿಸುವುದು, ಬಿಡಿಸುವುದು, ಹಿಂದೆ ಮುಂದೆ ತಳ್ಳುವುದು ಬೇಕಿದ್ದರೆ ಎಚ್‌ಒ ಒಳ್ಳೆಯದು. ಎಚ್‌ಒ ವ್ಯಾಗನ್‌ಗೆ ತೂಕ ಇರುತ್ತದೆ, ಕೊಂಡಿ ಕಣ್ಣಿಗೆ ಕಾಣುತ್ತದೆ, ಇಂಜಿನ್ ನಿಧಾನವಾಗಿ ತೆವಳುತ್ತದೆ. ಶಂಟಿಂಗ್‌ಗೆ ಈ ಮೂರೂ ಬೇಕು. ನಲವತ್ತು ದಾಟಿದವರಿಗೆ ನಾನು ಎರಡನೇ ಮಾತಿಲ್ಲದೆ ಎಚ್‌ಒ ಹೇಳುತ್ತೇನೆ.

ಭಾರತೀಯ ರೈಲು ಮಾಡಿದ್ರೆ ಹಳಿ ಅಗಲ ಸರಿ ಹೋಗಲ್ಲ ಅಂತಾರೆ. ನಿಜನಾ?

ನಿಜ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5. ಅಂದರೆ ಹಳಿ ಕೊಂಚ ಕಿರಿದಾಗಿ ಕಾಣುತ್ತದೆ. ಹೆಚ್ಚಿನವರು ಇದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ಮೇಜಿನ ಪಕ್ಕದಿಂದ, ಹಳಿಯ ಮಟ್ಟದಲ್ಲಿ ನೋಡುವಾಗ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಅಳತೆ ಸರಿಯಾಗಿಯೇ ಇರಬೇಕು ಅನ್ನುವವರಿಗೆ ಒಂದು ಚೆಂದದ ದಾರಿ ಇದೆ. ಮೀಟರ್ ಗೇಜ್ ಎಚ್‌ಒದಲ್ಲಿ 11.5 ಮಿ.ಮೀ. ಆಗುತ್ತದೆ. 12 ಮಿ.ಮೀ. ಹಳಿ ಇದಕ್ಕೆ ಹೊಂದುತ್ತದೆ. 762 ಮಿ.ಮೀ. ನ್ಯಾರೋ ಗೇಜ್ ಇನ್ನೂ ಸುಲಭ: ಎಚ್‌ಒದಲ್ಲಿ 8.8 ಮಿ.ಮೀ., ಅಂದರೆ ಹೆಚ್ಚು ಕಡಿಮೆ ಎನ್ ಹಳಿಯೇ. ಒಂದು ಕಾಲದ ಬಂಗಾರಪೇಟೆ–ಕೋಲಾರ ಗಾಡಿಯನ್ನು ಎನ್ ಇಂಜಿನ್ನಿನ ಅಡಿಭಾಗದ ಮೇಲೆ ಕಟ್ಟಬಹುದು. ಪುಟ್ಟ ಇಂಜಿನ್, ಪುಟ್ಟ ಬೋಗಿ, ಚೂಪಾದ ತಿರುವು. ಚಿಕ್ಕ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮೊದಲ ಸಲಕ್ಕೆ ಏನೇನು ಕೊಳ್ಳಬೇಕು?

ಒಂದು ಒಳ್ಳೆಯ ಇಂಜಿನ್, ಎಂಟು ವ್ಯಾಗನ್, ಎರಡು ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು ಹಳಿ), ನಾಲ್ಕಾರು ಉದ್ದ ಹಳಿ, ಒಂದು ಕಂಟ್ರೋಲರ್. ಇಷ್ಟೇ. ದುಡ್ಡು ಉಳಿಸಬೇಕಾದರೆ ವ್ಯಾಗನ್‌ನಲ್ಲಿ ಉಳಿಸಿ, ಕಟ್ಟಡಗಳನ್ನು ರಟ್ಟಿನಲ್ಲಿ ಮಾಡಿ. ಇಂಜಿನ್ ಮತ್ತು ಪಾಯಿಂಟ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಶಂಟಿಂಗ್ ಲೇಔಟ್ ನಿಂತಿರುವುದೇ ಆ ಎರಡರ ಮೇಲೆ.

## ನಕ್ಷೆ ಹಾಕುವಾಗ

ಎಲ್ಲರೂ ‘ಇಂಗಲ್‌ನೂಕ್’ ಅಂತಾರೆ. ಏನದು?

ಇಂಗ್ಲೆಂಡಿನ ಆಲನ್ ರೈಟ್ ರೂಪಿಸಿದ ಪುಟ್ಟ ನಕ್ಷೆ. ಎರಡೇ ಪಾಯಿಂಟ್, ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸಲು ಪಕ್ಕಕ್ಕೆ ಕವಲೊಡೆದ ಹಳಿ). ಒಂದು ಸೈಡಿಂಗ್‌ನಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದ ಎರಡರಲ್ಲಿ ತಲಾ ಮೂರು. ಈ ಮೂರೂ ಸೇರುವ ಕಡೆ ಇಂಜಿನ್ ಹಿಂದೆ ಮುಂದೆ ಸರಿಯಲು ಇರುವ ತುಂಡು ಹಳಿಯಾದ ಶಂಟಿಂಗ್ ನೆಕ್‌ನಲ್ಲಿ ಇಂಜಿನ್ ಜೊತೆ ಮೂರು ವ್ಯಾಗನ್ ನಿಲ್ಲಬೇಕು, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಒಟ್ಟು ಎಂಟು ವ್ಯಾಗನ್.

ಆಟ ಹೀಗೆ: ಎಂಟು ವ್ಯಾಗನ್‌ಗೂ ಒಂದೊಂದು ಚೀಟಿ ಮಾಡಿ. ಕಣ್ಣು ಮುಚ್ಚಿ ಐದು ಚೀಟಿ ಎತ್ತಿ ಸಾಲಾಗಿ ಇಡಿ. ಆ ಐದು ವ್ಯಾಗನ್ ಅದೇ ಕ್ರಮದಲ್ಲಿ ಉದ್ದದ ಸೈಡಿಂಗ್‌ನಲ್ಲಿ ಬಂದು ನಿಲ್ಲಬೇಕು. ಕೈಯಲ್ಲಿ ಎತ್ತಿಡುವಂತಿಲ್ಲ, ಇಂಜಿನ್ನಿನಿಂದಲೇ ಆಗಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸಲು 6,720 ದಾರಿಗಳಿವೆ. ಹಾಗಾಗಿ ಅದೇ ಸಮಸ್ಯೆ ಮತ್ತೆ ಎದುರಾಗುವುದು ತೀರಾ ಅಪರೂಪ.

ಇದರ ಗುಟ್ಟು ಇರುವುದು ಕೊರತೆಯಲ್ಲಿ. ಶಂಟಿಂಗ್ ನೆಕ್ ಒಂದು ವ್ಯಾಗನ್ ಉದ್ದ ಜಾಸ್ತಿಯಾದರೂ ಆಟ ಸಡಿಲವಾಗುತ್ತದೆ. ಜಾಗ ಇನ್ನೂ ಕಮ್ಮಿ ಇದೆ ಅನ್ನುವವರು 3-2-2 ಮಾಡುತ್ತಾರೆ: ಐದು ವ್ಯಾಗನ್, ಅದರಲ್ಲಿ ಮೂರನ್ನು ಜೋಡಿಸುವುದು, ನೆಕ್‌ನಲ್ಲಿ ಇಂಜಿನ್ ಜೊತೆ ಎರಡು. ಆದರೆ ಆಗ ಸಿಗುವುದು ಬರೀ 60 ದಾರಿ. ಮಕ್ಕಳಿಗೆ ಅದು ಚೆನ್ನ, ದೊಡ್ಡವರಿಗೆ ಬೇಗ ಬಾಯಿಪಾಠ ಆಗುತ್ತದೆ.

ಟೈಮ್‌ಸೇವರ್ ಅದಕ್ಕಿಂತ ಚೆನ್ನಾಗಿರುತ್ತೆ ಅಂತಾರಲ್ಲ?

ಟೈಮ್‌ಸೇವರ್ ಅಮೆರಿಕದ ಜಾನ್ ಆಲೆನ್ ಮಾಡಿದ್ದು. 1972ರಲ್ಲಿ ಮಾಡೆಲ್ ರೈಲ್‌ರೋಡರ್ ಪತ್ರಿಕೆಯಲ್ಲಿ ಬಂತು. ಐದು ಪಾಯಿಂಟ್, ನಡುವೆ ಒಂದು ಲೂಪ್ (ಎರಡೂ ತುದಿ ಮುಖ್ಯ ಹಳಿಗೆ ಸೇರುವ ಪಕ್ಕದ ಹಳಿ), ಎರಡೂ ಕಡೆಗೆ ಮುಖ ಮಾಡಿದ ಸೈಡಿಂಗ್‌ಗಳು. ಎಲ್ಲ ಹಳಿಯೂ ಬೇಕೆಂದೇ ಗಿಡ್ಡ. ಯಾರು ಬೇಗ ಮುಗಿಸುತ್ತಾರೆ ಅನ್ನುವ ಪಂದ್ಯಕ್ಕೆ ಅಂತಲೇ ಮಾಡಿದ ನಕ್ಷೆ ಅದು. ಆ ಕೆಲಸಕ್ಕೆ ಬಹಳ ಚೆನ್ನಾಗಿದೆ.

ಮನೆಯ ಖಾಯಂ ಲೇಔಟಿಗೆ ನಾನು ಅದನ್ನು ಹೇಳುವುದಿಲ್ಲ. ಯಾವ ರೈಲ್ವೆಯೂ ತನ್ನ ಕೆಲಸಗಾರರಿಗೆ ಕಷ್ಟ ಆಗಲಿ ಅಂತ ಯಾರ್ಡ್ ಕಟ್ಟುವುದಿಲ್ಲ. ಟೈಮ್‌ಸೇವರ್‌ನಲ್ಲಿ ಒಂದು ವ್ಯಾಗನ್ ಸರಿಸಲು ಇನ್ನು ಮೂರನ್ನು ಸುಮ್ನೆ ಅಲ್ಲಿಂದಿಲ್ಲಿಗೆ ಒಯ್ಯಬೇಕು. ಒಗಟಾಗಿ ಸರಿ, ರೈಲು ನಿಲ್ದಾಣವಾಗಿ ಸುಸ್ತು. ಇಂಗಲ್‌ನೂಕ್ ಹಾಗಲ್ಲ. ಅದರ ಸುತ್ತ ಒಂದು ಗೂಡ್ಸ್ ಶೆಡ್ ಇಟ್ಟರೆ ನಿಜದ ಯಾರ್ಡ್‌ನ ಹಾಗೇ ಕಾಣುತ್ತದೆ.

ಸೈಡಿಂಗ್ ಉದ್ದ ಲೆಕ್ಕ ಹಾಕೋದು ಹೇಗೆ? ನಕ್ಷೆಯಲ್ಲಿ ಹಿಡಿಸುತ್ತೆ, ಹಳಿ ಹಾಕಿದ ಮೇಲೆ ಹಿಡಿಸಲ್ಲ.

ಹೀಗಾಗುವುದು ಪಾಯಿಂಟ್ ಮುಗಿದ ಕಡೆಯಿಂದ ಅಳೆಯುವುದರಿಂದ. ಅಳೆಯಬೇಕಾದದ್ದು ಫೌಲಿಂಗ್ ಮಾರ್ಕ್‌ನಿಂದ. ಎರಡು ಹಳಿ ಬೇರೆಯಾಗುವ ಕಡೆ, ಒಂದರ ಮೇಲೆ ನಿಂತ ವ್ಯಾಗನ್ ಇನ್ನೊಂದರ ಮೇಲೆ ಹೋಗುವ ವ್ಯಾಗನ್‌ಗೆ ತಾಗದ ಮೊದಲ ಜಾಗವೇ ಫೌಲಿಂಗ್ ಮಾರ್ಕ್. ನಿಜದ ಸ್ಟೇಷನ್‌ನಲ್ಲಿ ಎರಡು ಹಳಿಗಳ ನಡುವೆ ಇದಕ್ಕೆ ಒಂದು ಗುರುತು ನೆಟ್ಟಿರುತ್ತಾರೆ. ನಿಮ್ಮ ಲೇಔಟಿನಲ್ಲೂ ಒಂದು ಬಿಳಿ ಚುಕ್ಕೆ ಹಾಕಿ. ಎರಡು ವ್ಯಾಗನ್ ಅಕ್ಕಪಕ್ಕ ಇಟ್ಟು, ಬೆರಳು ತೂರುವಷ್ಟು ಸಂದು ಬರುವ ತನಕ ಹಿಂದಕ್ಕೆ ಸರಿಸಿದರೆ ಜಾಗ ಸಿಗುತ್ತದೆ.

ಎಚ್‌ಒದ ನಾಲ್ಕು ಚಕ್ರದ ವ್ಯಾಗನ್ ಕೊಂಡಿ ಸೇರಿ ಸುಮಾರು 10 ಸೆಂ.ಮೀ., ಇಂಜಿನ್ 20 ಅಂತ ಇಟ್ಟುಕೊಳ್ಳಿ. ಇಂಗಲ್‌ನೂಕ್‌ಗೆ ನೆಕ್ 50 ಸೆಂ.ಮೀ., ಪಾಯಿಂಟ್ ಒಂದಕ್ಕೆ 20ರಂತೆ ಎರಡು, ಉದ್ದದ ಸೈಡಿಂಗ್ 50. ಒಟ್ಟು 140. ಸುಮಾರು ನಾಲ್ಕೂವರೆ ಅಡಿ ಅಂದಿದ್ದು ಇದನ್ನೇ. ಬಾಕ್ಸ್‌ಎನ್ ತರಹದ ಎಂಟು ಚಕ್ರದ ವ್ಯಾಗನ್ ಬೇಕಿದ್ದರೆ ಒಂದೊಂದಕ್ಕೆ 13 ಸೆಂ.ಮೀ. ಹಿಡಿಯಿರಿ. ಆಗ ಐದೂವರೆ ಅಡಿ ಆಗುತ್ತದೆ.

ಹಳಿ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಹಳೇ ದಿನಪತ್ರಿಕೆ ಅಂಟಿಸಿ ಪೂರ್ತಿ ಅಳತೆಯ ಹಾಳೆ ಮಾಡಿಕೊಳ್ಳಿ. ಅದರ ಮೇಲೆ ಪಾಯಿಂಟಿನ ಅಚ್ಚು ಇಡಿ. ಪೆಕೊದಂಥ ಕಂಪನಿಗಳು ನಿಜ ಅಳತೆಯ ಅಚ್ಚುಗಳನ್ನು ಪ್ರಿಂಟ್ ಹಾಕಿಕೊಳ್ಳಲು ಬಿಟ್ಟಿಯಾಗಿ ಕೊಡುತ್ತವೆ. ರಟ್ಟಿನಲ್ಲಿ ವ್ಯಾಗನ್ ಕತ್ತರಿಸಿ, ಹಾಳೆಯ ಮೇಲೆ ಸರಿಸುತ್ತ ಇಡೀ ಆಟವನ್ನು ಒಮ್ಮೆ ಆಡಿ ನೋಡಿ. ಕಂಪ್ಯೂಟರ್‌ನಲ್ಲಿ ಹಾಕಿದ ನಕ್ಷೆಯಲ್ಲಿ ಕಣ್ಣಿಗೆ ಬೀಳದ ಕೊರತೆ ಇಲ್ಲಿ ಕೈಗೆ ಸಿಗುತ್ತದೆ.

ಲೂಪ್ ಲೈನ್ ಬೇಕೇ ಬೇಕಾ?

ಸೈಡಿಂಗ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಬೇಡ. ಇಂಗಲ್‌ನೂಕ್‌ನಲ್ಲಿ ಲೂಪ್ ಇಲ್ಲದಿರುವುದು ಅದಕ್ಕೇ. ಗಾಡಿ ಪಾಯಿಂಟ್ ದಾಟಿ ಹೋಗಿ, ಹಿಂದಕ್ಕೆ ತಳ್ಳಿ ವ್ಯಾಗನ್ ಬಿಡುವಂತಿದ್ದರೆ ಇಂಜಿನ್ ಇದ್ದ ತುದಿಯಲ್ಲೇ ಇರಬಹುದು. ಸೈಡಿಂಗ್ ಗಾಡಿ ಹೋಗುವ ದಿಕ್ಕಿಗೇ ಚಾಚಿಕೊಂಡಿದ್ದರೆ ಮಾತ್ರ ಇಂಜಿನ್ ವ್ಯಾಗನ್‌ನ ಹಿಂದೆ ಬರಬೇಕು. ಅದಕ್ಕೆ ಲೂಪ್ ಬೇಕು.

ಲೂಪ್ ಹಾಕಿದ ಕ್ಷಣದಿಂದ ನಿಮ್ಮ ಗಾಡಿಯ ಉದ್ದವನ್ನು ಅದೇ ನಿರ್ಧರಿಸುತ್ತದೆ. ಎರಡು ಫೌಲಿಂಗ್ ಮಾರ್ಕ್‌ಗಳ ನಡುವೆ ನಾಲ್ಕು ವ್ಯಾಗನ್ ಹಿಡಿಸಿದರೆ ನಿಮ್ಮ ಗಾಡಿ ನಾಲ್ಕು ವ್ಯಾಗನ್‌ನದು. ಐದನೆಯದನ್ನು ತಂದರೆ ಇಂಜಿನ್ ಸುತ್ತಿ ಬರಲಾಗದೆ ಸಿಕ್ಕಿಕೊಳ್ಳುತ್ತದೆ. ಕೊನೆಯ ನಿಲ್ದಾಣವಾದರೆ ಲೂಪ್ ಆಚೆ ಇಂಜಿನ್ ನಿಂತು ತಿರುಗಲು ಒಂದು ಇಂಜಿನ್ ಉದ್ದದ ಹಳಿಯೂ ಬೇಕು. ನಿಮ್ಮ ಹತ್ತಿರ ಇರುವ ಅತಿ ಉದ್ದದ ಇಂಜಿನ್ ಹಿಡಿದು ಅಳೆಯಿರಿ.

ಇರೋದೇ ಐದು ಅಡಿ. ಅದರಲ್ಲಿ ಫಿಡಲ್ ಯಾರ್ಡ್ ಅಂತ ಯಾಕೆ ಜಾಗ ಬಿಡಬೇಕು?

ಫಿಡಲ್ ಯಾರ್ಡ್ ಅಂದರೆ ನೋಡುವವರಿಗೆ ಕಾಣದಂತೆ ಮರೆಯಲ್ಲಿಟ್ಟ ಹಳಿ. ನಿಮ್ಮ ಸ್ಟೇಷನ್‌ನಿಂದ ಹೊರಟ ಗಾಡಿ ಅಲ್ಲಿಗೆ ಹೋಗುತ್ತದೆ. ಲೇಔಟಿನ ಆಚೆಗಿನ ಲೋಕವೆಲ್ಲ ಅಲ್ಲಿದೆ ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಬರುವ ಗಾಡಿ ಅಲ್ಲಿಂದಲೇ ಬರುತ್ತದೆ, ಮೈಸೂರಿಗೆ ಹೋಗುವುದೂ ಅಲ್ಲಿಗೇ.

ಅದಕ್ಕೆ ಜಾಸ್ತಿ ಹಳಿ, ಪಾಯಿಂಟ್ ಬೇಕಿಲ್ಲ. ಒಂದು ಮರದ ಪಟ್ಟಿಯ ಮೇಲೆ ಗಾಡಿ ಉದ್ದದ ಹಳಿ ಅಂಟಿಸಿ. ಇದನ್ನು ಕ್ಯಾಸೆಟ್ ಅನ್ನುತ್ತಾರೆ. ಗಾಡಿ ಒಳಗೆ ಬಂದ ಮೇಲೆ ಪಟ್ಟಿಯನ್ನೇ ಎತ್ತಿ ಪಕ್ಕಕ್ಕಿಟ್ಟು, ಇನ್ನೊಂದು ಗಾಡಿ ಇರುವ ಪಟ್ಟಿ ಇಡಬಹುದು. ಆಡುವಾಗ ಮಾತ್ರ ಕ್ಲಿಪ್ ಹಾಕಿ ಜೋಡಿಸಿ, ಆಮೇಲೆ ಕಳಚಿಟ್ಟರೆ ಆಯಿತು. ಆಗ ನಿಮ್ಮ ಐದು ಅಡಿ ನಿಮ್ಮದೇ ಆಗಿರುತ್ತದೆ. ಎರಡೂ ತುದಿಗೆ ಬಾಗದಂತೆ ಗಟ್ಟಿ ತಡೆ ಇರಲಿ, ಇಲ್ಲದಿದ್ದರೆ ಎತ್ತುವಾಗ ಇಂಜಿನ್ ನೆಲ ಸೇರುತ್ತದೆ.

ಯಾವ ಊರನ್ನು ಮಾಡಲಿ? ಮೆಜೆಸ್ಟಿಕ್ ಮಾಡೋ ಆಸೆ.

ಬೆಂಗಳೂರು ಸಿಟಿ ಸ್ಟೇಷನ್ ಅಂಥದ್ದು ಒಂದು ಕೋಣೆಯಲ್ಲೂ ಹಿಡಿಸುವುದಿಲ್ಲ. ಹಿಡಿಸಿದರೂ ಅಲ್ಲಿ ಗಾಡಿ ಬರುತ್ತದೆ, ಹೋಗುತ್ತದೆ, ಅಷ್ಟೇ. ಚಿಕ್ಕ ಲೇಔಟಿಗೆ ಶಾಖಾ ಮಾರ್ಗದ ಕೊನೆಯ ನಿಲ್ದಾಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ಎಲ್ಲ ಗಾಡಿಯೂ ಅಲ್ಲಿ ನಿಲ್ಲಲೇಬೇಕು, ಎಲ್ಲ ಇಂಜಿನ್ನೂ ತಿರುಗಿ ಬರಲೇಬೇಕು.

ಅಳ್ನಾವರದಿಂದ ದಾಂಡೇಲಿಗೆ ಹೋದ ಶಾಖೆಯನ್ನೇ ನೋಡಿ. ಕಾಡಿನ ಮರ ಸಾಗಿಸಲು ಹಾಕಿದ ಹಳಿ. ಆಮೇಲೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೂ ಬಂತು. ಇದನ್ನು ಓದಿದ ಕೂಡಲೇ ಹಳಿಗಳು ತಾವಾಗಿಯೇ ಕಾಣಿಸುತ್ತವೆ ಅಲ್ವಾ? ಮರದ ದಿಮ್ಮಿ ಹೇರುವ ಒಂದು ಸೈಡಿಂಗ್, ಕಾರ್ಖಾನೆಗೆ ಒಂದು, ಊರಿನ ದಿನಸಿಗೆ ಗೂಡ್ಸ್ ಶೆಡ್ ಒಂದು, ಪುಟ್ಟ ಪ್ಲಾಟ್‌ಫಾರ್ಮ್. ಅಲ್ಲಿನ ಹಳಿಯನ್ನು ಇಂಚು ಇಂಚಾಗಿ ನಕಲು ಮಾಡಬೇಕಿಲ್ಲ. ಅಲ್ಲಿನ ಕೆಲಸವನ್ನು ತೆಗೆದುಕೊಂಡು, ಊರಿಗೆ ನಿಮಗಿಷ್ಟವಾದ ಹೆಸರಿಡಿ. ಮಲೆನಾಡಿನ ಹಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಒಂದು ಹಲಸಿನ ಮರ ಇದ್ದರೆ ಯಾವ ಸೀಮೆ ಅಂತ ಯಾರೂ ಕೇಳುವುದಿಲ್ಲ.

ಎಷ್ಟು ಪಾಯಿಂಟ್ ಹಾಕಬಹುದು?

ಆರು ಅಡಿಗೆ ಐದರ ಮೇಲೆ ಬೇಡ. ಪ್ರತಿ ಪಾಯಿಂಟ್ 20 ಸೆಂ.ಮೀ. ತಿನ್ನುತ್ತದೆ, ಅದರ ಮೇಲೆ ವ್ಯಾಗನ್ ನಿಲ್ಲಿಸುವಂತಿಲ್ಲ. ಒಂದೊಂದು ಸೈಡಿಂಗಿಗೂ ‘ಇಲ್ಲಿಗೆ ಏನು ಬರುತ್ತೆ, ಇಲ್ಲಿಂದ ಏನು ಹೋಗುತ್ತೆ’ ಅಂತ ಕೇಳಿಕೊಳ್ಳಿ. ಉತ್ತರ ಬರದಿದ್ದರೆ ಆ ಸೈಡಿಂಗ್ ತೆಗೆಯಿರಿ. ಆ ಜಾಗದಲ್ಲಿ ಎತ್ತಿನಗಾಡಿ ನಿಲ್ಲುವ ಅಂಗಳ ಚೆನ್ನಾಗಿ ಕಾಣುತ್ತದೆ.

ನನಗೆ ಈಗಿನ ಉದ್ದದ ಗಾಡಿಗಳೇ ಇಷ್ಟ. ಅವನ್ನು ಓಡಿಸಬಹುದಾ?

ಲೆಕ್ಕ ನೋಡಿ. ಒಂದು ಬಾಕ್ಸ್‌ಎನ್ ವ್ಯಾಗನ್ 10.7 ಮೀಟರ್, 58 ಸೇರಿದರೆ ಒಂದು ರೇಕ್. ಎಚ್‌ಒದಲ್ಲಿ ಅದು ಏಳು ಮೀಟರ್ ದಾಟುತ್ತದೆ. ಈಗಿನ ಪ್ಯಾಸೆಂಜರ್ ಗಾಡಿಗಳ ಎಲ್‌ಎಚ್‌ಬಿ ಬೋಗಿ ಒಂದೊಂದೂ 27 ಸೆಂ.ಮೀ. ಇರುತ್ತದೆ. ಅದಕ್ಕಿಂತ ಮುಖ್ಯವಾದ ವಿಷಯ, ಈಗಿನ ಗೂಡ್ಸ್ ಹೆಚ್ಚಾಗಿ ಇಡೀ ರೇಕ್ ಒಂದೇ ಕಡೆಗೆ ಹೋಗುತ್ತದೆ. ಒಂದೊಂದೇ ವ್ಯಾಗನ್ ಬಿಡುವ ಕೆಲಸವೇ ಕಮ್ಮಿ. ಶಂಟಿಂಗ್ ಬೇಕಿದ್ದವರು 1960–70ರ ದಶಕದ ಕಡೆ ಹೋಗುವುದು ಒಳ್ಳೆಯದು. ಆಗ ಚಿಕ್ಕ ಚಿಕ್ಕ ಸ್ಟೇಷನ್‌ಗೂ ಬಿಡಿ ವ್ಯಾಗನ್ ಬರುತ್ತಿತ್ತು. ಶಾಖಾ ಮಾರ್ಗಗಳಲ್ಲಿ ಬೋಗಿ, ವ್ಯಾಗನ್ ಎರಡೂ ಇರುವ ಮಿಕ್ಸೆಡ್ ಗಾಡಿಗಳೂ ಓಡುತ್ತಿದ್ದವು.

ಈಗಿನ ಕಾಲವೇ ಬೇಕು ಅಂದರೆ ಇಂಜಿನ್ ಶೆಡ್ ಅಥವಾ ವ್ಯಾಗನ್ ರಿಪೇರಿ ಯಾರ್ಡ್ ಮಾಡಿ. ಅಲ್ಲಿ ಇವತ್ತಿಗೂ ಒಂದೊಂದನ್ನೇ ಆರಿಸಿ ತೆಗೆಯುತ್ತಾರೆ.

ಸಕಲೇಶಪುರ ಘಾಟಿ ಮಾಡಬೇಕು ಅಂತ ಬಹಳ ದಿನದ ಕನಸು. ಚಿಕ್ಕ ಜಾಗದಲ್ಲಿ ಆಗಲ್ವಾ?

ಘಾಟಿ ಪೂರ್ತಿ ಆಗುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿ.ಮೀ., 57 ಸುರಂಗ. ಎಚ್‌ಒದಲ್ಲಿ 600 ಮೀಟರ್‌ಗೂ ಜಾಸ್ತಿ. ಇಳಿಜಾರು 50ಕ್ಕೆ 1. ಅದೇ ಇಳಿಜಾರಿನಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕಾದರೆ ಎಂಟು ಸೆಂ.ಮೀ. ಏರಬೇಕು, ಅದಕ್ಕೆ ನಾಲ್ಕು ಮೀಟರ್ ಹಳಿ ಬೇಕು.

ಆದರೆ ಘಾಟಿಯ ಕೆಲಸವನ್ನು ತರಬಹುದು. ಘಾಟಿ ಏರುವ ಭಾರದ ಗಾಡಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್‌ಗಳನ್ನು ಜೋಡಿಸುತ್ತಾರೆ, ಮೇಲೆ ಬಂದ ಮೇಲೆ ಬಿಡಿಸುತ್ತಾರೆ. ಆ ಒಂದು ಸ್ಟೇಷನ್ ಮಾತ್ರ ಮಾಡಿ, ಹಳಿ ಸಮತಟ್ಟಾಗಿಯೇ ಇರಲಿ. ಒಂದು ತುದಿಯಲ್ಲಿ ಸುರಂಗದ ಬಾಯಿ, ಅದರ ಹಿಂದೆ ಫಿಡಲ್ ಯಾರ್ಡ್. ಸುರಂಗದಿಂದ ಹೊರಬಂದ ಗಾಡಿಯ ಬಾಲದಲ್ಲಿ ಬ್ಯಾಂಕರ್ ಕಂಡ ಕೂಡಲೇ ಘಾಟಿ ಎಷ್ಟು ಕಡಿದು ಅಂತ ನೋಡುವವರಿಗೆ ಅರ್ಥವಾಗುತ್ತದೆ. 37ಕ್ಕೆ 1ರ ಏರು ಇರುವ ಕ್ಯಾಸಲ್‌ರಾಕ್–ಕುಳೆ ಘಾಟಿಗೂ ಇದೇ ಉಪಾಯ.

ಗೂಡ್ಸ್ ಬೇಡ, ಪ್ಯಾಸೆಂಜರ್ ಗಾಡಿ ಮಾತ್ರ ಇಷ್ಟ. ಏನು ಮಾಡಲಿ?

ಇಂಗ್ಲೆಂಡಿನ ಸಿ. ಜೆ. ಫ್ರೀಝರ್ 1957ರಲ್ಲಿ ‘ಮಿನರೀಸ್’ ಅನ್ನುವ ನಕ್ಷೆ ಪ್ರಕಟಿಸಿದರು. ಊರ ನಡುವಿನ ಪುಟ್ಟ ಕೊನೆ ನಿಲ್ದಾಣ, ಮೂರು ಪ್ಲಾಟ್‌ಫಾರ್ಮ್. ಅದರ ಜಾಣತನ ಇರುವುದು ಪಾಯಿಂಟ್‌ಗಳ ಜೋಡಣೆಯಲ್ಲಿ: ಯಾವ ಪ್ಲಾಟ್‌ಫಾರ್ಮ್‌ಗೆ ಹೋದರೂ ಬೋಗಿಗಳು ಹಾವಿನ ಹಾಗೆ ಓಲಾಡುವುದು ಕಮ್ಮಿ. ಬಂದ ಗಾಡಿಯ ಇಂಜಿನ್ ಒಳಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಇಂಜಿನ್ ಬಂದು ಹಿಂಬದಿಗೆ ಜೋಡಿಸಿಕೊಂಡು ಗಾಡಿ ಒಯ್ದ ಮೇಲೆ ಮೊದಲನೆಯದಕ್ಕೆ ಬಿಡುಗಡೆ. ಎರಡು ಮೂರು ಇಂಜಿನ್ ಇದ್ದರೆ ಇಡೀ ಸಂಜೆ ಕೈಗೆ ಬಿಡುವಿರುವುದಿಲ್ಲ.

## ಓಡಿಸಲು ಕೂತಾಗ

ಒಂದು ಸಲದ ಆಟ ಹೇಗಿರುತ್ತೆ? ಹೆಜ್ಜೆ ಹೆಜ್ಜೆಯಾಗಿ ಹೇಳಿ.

ಕೊನೆ ನಿಲ್ದಾಣ, ಒಂದು ಲೂಪ್. ಗಾಡಿ ಎಡದಿಂದ ಬರುತ್ತದೆ. ಬಲಕ್ಕೆ ಇಂಜಿನ್, ಅದರ ಹಿಂದೆ ಗೂಡ್ಸ್ ಶೆಡ್‌ನ ಎರಡು ವ್ಯಾಗನ್, ಕಾರ್ಖಾನೆಯ ಒಂದು ಖಾಲಿ ವ್ಯಾಗನ್, ಕೊನೆಗೆ ಗಾರ್ಡ್ ಕೂರುವ ಬ್ರೇಕ್ ವ್ಯಾನ್. ಶೆಡ್‌ನ ಸೈಡಿಂಗ್ ಎಡಕ್ಕೆ ಚಾಚಿದೆ. ಕಾರ್ಖಾನೆಯ ಸೈಡಿಂಗ್ ಲೂಪಿನ ಎಡಗಡೆಯಿಂದ ಕವಲೊಡೆದು ಬಲಕ್ಕೆ ಚಾಚಿದೆ. ಅಲ್ಲಿ ಕಾಗದ ತುಂಬಿದ ಒಂದು ವ್ಯಾಗನ್ ಕಾಯುತ್ತಿದೆ.

ಮೊದಲು ಶೆಡ್. ಇಂಜಿನ್ ಎರಡು ವ್ಯಾಗನ್ ಹಿಡಿದು ಬಲಕ್ಕೆ ಸರಿದು, ಹಿಂದಕ್ಕೆ ತಳ್ಳಿ ಶೆಡ್ ಮುಂದೆ ಬಿಡುತ್ತದೆ. ಸುಲಭ. ಈಗ ಒಂಟಿ ಇಂಜಿನ್ ಲೂಪಿನಲ್ಲಿ ಸುತ್ತಿ ಎಡಕ್ಕೆ ಬಂದು ಬ್ರೇಕ್ ವ್ಯಾನ್‌ಗೆ ಜೋಡಿಸಿಕೊಳ್ಳುತ್ತದೆ. ವ್ಯಾನ್, ಖಾಲಿ ವ್ಯಾಗನ್ ಎರಡನ್ನೂ ಎಡಕ್ಕೆ ಎಳೆದು ಕಾರ್ಖಾನೆಗೆ ತಳ್ಳುತ್ತದೆ. ತುಂಬಿದ ವ್ಯಾಗನ್ ಹಿಡಿದು ಹೊರಗೆ ತರುತ್ತದೆ. ಅದನ್ನು ಮೇನ್ ಲೈನ್ ಮೇಲೆ ಬಿಡುತ್ತದೆ. ಮತ್ತೆ ಹೋಗಿ ಖಾಲಿಯನ್ನು ಕಾರ್ಖಾನೆಯೊಳಗೆ ಇಡುತ್ತದೆ.

ಈಗ ಇಂಜಿನ್ ಜೊತೆ ಬ್ರೇಕ್ ವ್ಯಾನ್ ಮಾತ್ರ ಇದೆ. ಹಾಗೇ ಹೋಗಿ ತುಂಬಿದ ವ್ಯಾಗನ್‌ಗೆ ಜೋಡಿಸಿದರೆ ವ್ಯಾನ್ ನಡುವೆ ಬರುತ್ತದೆ. ಗಾರ್ಡ್ ಇರಬೇಕಾದದ್ದು ಬಾಲದಲ್ಲಿ. ಹಾಗಾಗಿ ವ್ಯಾನನ್ನು ಲೂಪಿಗೆ ತಳ್ಳಿ ಬಿಡಬೇಕು. ಮೇನ್ ಲೈನ್‌ಗೆ ಹೋಗಿ ತುಂಬಿದ ವ್ಯಾಗನ್ ಹಿಡಿದು ಎಡಕ್ಕೆ ಎಳೆಯಬೇಕು. ಆಮೇಲೆ ಲೂಪಿಗೆ ತಳ್ಳಿ ವ್ಯಾನ್ ಸೇರಿಸಬೇಕು. ಇಂಜಿನ್, ವ್ಯಾಗನ್, ವ್ಯಾನ್. ಗಾಡಿ ರೆಡಿ.

ನಾಲ್ಕೇ ವ್ಯಾಗನ್ ನೋಡಿ, ಎಷ್ಟು ಕೆಲಸ! ಇದನ್ನು ನಿಜದ ರೈಲಿನ ವೇಗದಲ್ಲೇ ಮಾಡಿ. ಭಾರತೀಯ ರೈಲ್ವೆಯಲ್ಲಿ ಶಂಟಿಂಗ್ ವೇಗ ಸಾಮಾನ್ಯವಾಗಿ ಗಂಟೆಗೆ 15 ಕಿ.ಮೀ. ಮೀರುವಂತಿಲ್ಲ. ಎಚ್‌ಒದಲ್ಲಿ ಅದು ಸೆಕೆಂಡಿಗೆ ಐದು ಸೆಂ.ಮೀ.ಗೂ ಕಮ್ಮಿ. 140 ಸೆಂ.ಮೀ. ದಾಟಲು ಅರ್ಧ ನಿಮಿಷ ಬೇಕು. ವ್ಯಾಗನ್ ಬಿಡಿಸುವಾಗ, ಪಾಯಿಂಟ್ ಬದಲಿಸುವಾಗ ಹತ್ತು ಸೆಕೆಂಡ್ ನಿಲ್ಲಿ. ಪಾಯಿಂಟ್ಸ್‌ಮನ್ ಜಲ್ಲಿ ಮೇಲೆ ನಡೆದುಕೊಂಡು ಬರಬೇಕಲ್ಲ.

ಯಾವ ವ್ಯಾಗನ್ ಎಲ್ಲಿಗೆ ಹೋಗಬೇಕು ಅಂತ ಯಾರು ಹೇಳೋದು?

ಚೀಟಿ ಹೇಳುತ್ತದೆ. ಪ್ರತಿ ವ್ಯಾಗನ್‌ಗೆ ಒಂದು ಕಾರ್ಡ್ ಮಾಡಿ, ಅದಕ್ಕೆ ಪುಟ್ಟ ಜೇಬು ಅಂಟಿಸಿ. ಜೇಬಿನಲ್ಲಿ ನಾಲ್ಕು ಸಲದ ಕೆಲಸ ಬರೆದ ಚೀಟಿ ಇಡಿ, ಮುಂದೆ ಎರಡು, ಹಿಂದೆ ಎರಡು. ಉದಾಹರಣೆಗೆ: ಖಾಲಿ, ಕಾರ್ಖಾನೆಗೆ. ಕಾಗದ ತುಂಬಿ ಹೊರ ಊರಿಗೆ. ಸಿಮೆಂಟ್ ತುಂಬಿ ಗೂಡ್ಸ್ ಶೆಡ್‌ಗೆ. ಖಾಲಿ, ಹೊರ ಊರಿಗೆ. ಆಟ ಮುಗಿದ ಮೇಲೆ ಹೇಳಿದ ಜಾಗಕ್ಕೆ ತಲುಪಿದ ವ್ಯಾಗನ್‌ನ ಚೀಟಿಯನ್ನು ಮುಂದಿನ ಕೆಲಸಕ್ಕೆ ತಿರುಗಿಸಿ.

ತುಂಬಿಸಲು, ಇಳಿಸಲು ಸಮಯ ಹಿಡಿಯುತ್ತದೆ ಅನ್ನುವುದನ್ನೂ ಸೇರಿಸಬೇಕೆಂದರೆ ಒಂದು ದಾಳ ಇಟ್ಟುಕೊಳ್ಳಿ. ಒಂದು ಅಥವಾ ಎರಡು ಬಿದ್ದರೆ ಆ ವ್ಯಾಗನ್ ಇನ್ನೂ ಖಾಲಿಯಾಗಿಲ್ಲ, ಇವತ್ತು ಅಲುಗಾಡಿಸುವಂತಿಲ್ಲ. ಈ ಒಂದು ಸಣ್ಣ ನಿಯಮದಿಂದ ಗೊತ್ತಿರುವ ಸೈಡಿಂಗ್ ಕೂಡ ಪ್ರತಿಸಲ ಬೇರೆಯಾಗಿ ಕಾಣುತ್ತದೆ.

ಡಿಸಿಸಿ ಹಾಕಿಸಲೇಬೇಕಾ?

ಒಂದೇ ಇಂಜಿನ್ ಆದರೆ ಬೇಡ, ಸಾಮಾನ್ಯ ಡಿಸಿ ಕಂಟ್ರೋಲರ್ ಸಾಕು. ಡಿಸಿಸಿ ಅಂದರೆ ಒಂದೇ ಹಳಿಯ ಮೇಲಿನ ಇಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆ. ಎರಡು ಇಂಜಿನ್ ಒಂದೇ ಹಳಿಯ ಮೇಲೆ ಹತ್ತಿರ ಬರಬೇಕಾದರೆ ಅದು ನೆಮ್ಮದಿ. ಬ್ಯಾಂಕರ್ ಇರುವ ಲೇಔಟಿಗೆ, ಮಿನರೀಸ್ ತರಹದ್ದಕ್ಕೆ ಹಾಕಿಸಿದರೆ ಒಳ್ಳೆಯದು.

ವ್ಯಾಗನ್ ಬಿಡಿಸೋಕೆ ಕೈ ಹಾಕಿದ್ರೆ ಎಲ್ಲ ಬಿದ್ದು ಹೋಗುತ್ತೆ.

ಎಲ್ಲ ವ್ಯಾಗನ್‌ಗೂ ಒಂದೇ ತರಹದ ಕೊಂಡಿ ಹಾಕಿ. ಕೇಡಿ (Kadee) ಕಂಪನಿಯದರಂಥ ಗೆಣ್ಣಿನಾಕಾರದ ಕೊಂಡಿಯಾದರೆ ತೆಳು ಬಿದಿರು ಕಡ್ಡಿ ಸಾಕು. ಕಡ್ಡಿಯ ತುದಿಯನ್ನು ಉಳಿಯ ಹಾಗೆ ಚಪ್ಪಟೆ ಮಾಡಿ, ಮೇಲಿನಿಂದ ಎರಡು ಕೊಂಡಿಯ ನಡುವೆ ಇಳಿಸಿ, ಮೆಲ್ಲಗೆ ತಿರುಗಿಸಿ. ಎರಡೂ ಬಿಟ್ಟುಕೊಳ್ಳುತ್ತವೆ. ಇದಕ್ಕೆ ಕೊಂಡಿ ಕಾಣುವ ಜಾಗದಲ್ಲಿ ಎತ್ತರದ ಕಟ್ಟಡ ಇರಬಾರದು. ಕಾರ್ಖಾನೆಯನ್ನು ಹಳಿಯ ಹಿಂದೆ, ಗೋಡೆ ಕಡೆಗೆ ಇಡಿ.

ತೂಕವನ್ನೂ ನೋಡಿ. ಅಮೆರಿಕದ ಎನ್‌ಎಂಆರ್‌ಎ ಸಂಘದ ಶಿಫಾರಸಿನಂತೆ ಎಚ್‌ಒ ವ್ಯಾಗನ್‌ಗೆ 28 ಗ್ರಾಂ, ಜೊತೆಗೆ ಪ್ರತಿ ಇಂಚಿಗೆ 14 ಗ್ರಾಂ ಇರಬೇಕು. ನಾಲ್ಕು ಇಂಚಿನ ವ್ಯಾಗನ್‌ಗೆ ಸುಮಾರು 85 ಗ್ರಾಂ ಆಯಿತು. ಒಳಗೆ ನಟ್ಟು, ವಾಷರ್ ಅಂಟಿಸಿದರೆ ಸರಿಹೋಗುತ್ತದೆ. ಹಗುರ ವ್ಯಾಗನ್ ಎಳೆಯುವಾಗ ಸುಮ್ಮನಿರುತ್ತದೆ, ಹಿಂದಕ್ಕೆ ತಳ್ಳುವಾಗ ಪಾಯಿಂಟ್ ಮೇಲೆ ಹಳಿ ಬಿಡುತ್ತದೆ.

ಇಂಜಿನ್ ಪಾಯಿಂಟ್ ಮೇಲೆ ನಿಂತುಬಿಡುತ್ತೆ. ಬೆರಳಲ್ಲಿ ದೂಡಿದ್ರೆ ಹೋಗುತ್ತೆ.

ಎರಡು ಹಳಿ ಒಂದನ್ನೊಂದು ದಾಟುವ ಜಾಗಕ್ಕೆ ಫ್ರಾಗ್ ಅನ್ನುತ್ತಾರೆ. ಅದು ಪ್ಲಾಸ್ಟಿಕ್ ಆಗಿದ್ದರೆ ಅಲ್ಲಿ ಕರೆಂಟ್ ಇರುವುದಿಲ್ಲ. ಉದ್ದದ ಇಂಜಿನ್ ದಾಟಿಬಿಡುತ್ತದೆ, ನಾಲ್ಕು ಚಕ್ರದ ಪುಟ್ಟ ಶಂಟರ್ ನಿಲ್ಲುತ್ತದೆ. ಶಂಟಿಂಗ್ ಲೇಔಟಿಗೆ ಫ್ರಾಗ್‌ಗೂ ಕರೆಂಟ್ ಬರುವ ಪಾಯಿಂಟನ್ನೇ ಕೊಳ್ಳಿ. ಫ್ರಾಗ್‌ಗೆ ಕರೆಂಟ್ ಕೊಡುವುದನ್ನು ಪಾಯಿಂಟಿನ ಬ್ಲೇಡ್‌ಗೆ (ಅತ್ತಿತ್ತ ಸರಿಯುವ ಹಳಿ ತುದಿ) ಬಿಡದೆ ಒಂದು ಸ್ವಿಚ್‌ಗೆ ವಹಿಸಿ. ಪ್ರತಿ ತುಂಡು ಹಳಿಗೂ ಬೇರೆ ವೈರ್ ಬೆಸುಗೆ ಹಾಕಿ. ಹಳಿ ಜೋಡಿಸುವ ಕ್ಲಿಪ್ ಮೇಲೆ ಭರವಸೆ ಇಡಬೇಡಿ.

ನಾವಿರೋದು ಕರಾವಳಿ. ಮಳೆಗಾಲದಲ್ಲಿ ಲೇಔಟ್ ಹಾಳಾಗಲ್ವಾ?

ಬೋರ್ಡಿನ ಮೇಲೆ, ಕೆಳಗೆ, ಅಂಚಿಗೆ, ಎಲ್ಲ ಕಡೆ ಬಣ್ಣ ಅಥವಾ ವಾರ್ನಿಷ್ ಹೊಡೆಯಿರಿ. ಒಂದೇ ಕಡೆ ಹೊಡೆದರೆ ಇನ್ನೊಂದು ಕಡೆ ತೇವ ಹೀರಿ ಪ್ಲೈವುಡ್ ಬಾಗುತ್ತದೆ. ಕಾಲುಗಳು ಗೋಡೆಗೆ ತಾಗದಿರಲಿ, ಗೆದ್ದಲು ಅಲ್ಲಿಂದಲೇ ಹತ್ತುವುದು. ನಿಕಲ್ ಸಿಲ್ವರ್ ಹಳಿಯನ್ನೇ ಹಾಕಿ, ಉಕ್ಕಿನದು ತುಕ್ಕು ಹಿಡಿಯುತ್ತದೆ. ಆಡುವ ಮುಂಚೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳಿಯನ್ನೂ ಇಂಜಿನ್ ಚಕ್ರವನ್ನೂ ಒರೆಸಿ. ಉಪ್ಪುಕಾಗದ ಉಜ್ಜಬೇಡಿ, ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಗೆಳೆಯ ಬಂದಾಗ ಇಬ್ಬರೂ ಸೇರಿ ಆಡಬಹುದಾ? ಇರೋದು ಒಂದೇ ಇಂಜಿನ್.

ಒಬ್ಬರು ಸ್ಟೇಷನ್ ಮಾಸ್ಟರ್, ಇನ್ನೊಬ್ಬರು ಡ್ರೈವರ್. ಪಾಯಿಂಟ್, ಸಿಗ್ನಲ್, ಚೀಟಿ ಎಲ್ಲ ಮಾಸ್ಟರ್ ಕೈಯಲ್ಲಿ. ಕಂಟ್ರೋಲರ್ ಮಾತ್ರ ಡ್ರೈವರ್ ಕೈಯಲ್ಲಿ. ಮಾತಾಡದೆ ಕೈಸನ್ನೆಯಲ್ಲೇ ನಡೆಸಿದರೆ ಇನ್ನೂ ಮಜಾ.

ಟೋಕನ್ ಪದ್ಧತಿಯನ್ನೂ ತನ್ನಿ. ನಮ್ಮ ಒಂಟಿ ಮಾರ್ಗಗಳಲ್ಲಿ ನೀಲ್ಸ್ ಬಾಲ್ ಟೋಕನ್ ಯಂತ್ರ ಬಹಳ ಕಾಲ ನಡೆದಿದೆ. ಎರಡು ಸ್ಟೇಷನ್‌ಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಟೋಕನ್ ಹೊರಬರುತ್ತದೆ. ಅದು ಕೈಗೆ ಸಿಗದೆ ಡ್ರೈವರ್ ಹೊರಡುವಂತಿಲ್ಲ. ಮನೆಯಲ್ಲಿ ಒಂದು ಬಳೆ ಸಾಕು. ಫಿಡಲ್ ಯಾರ್ಡ್ ಕಡೆ ಒಂದು ಮೊಳೆ, ಸ್ಟೇಷನ್ ಕಡೆ ಒಂದು ಮೊಳೆ. ಬಳೆ ಯಾವ ಕಡೆ ಇದೆಯೋ ಆ ಕಡೆಯ ಗಾಡಿಗೆ ಮಾತ್ರ ಹೊರಡುವ ಹಕ್ಕು. ಮಕ್ಕಳು ಈ ನಿಯಮವನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಟೈಮ್‌ಟೇಬಲ್ ಹಾಕಿ ಗಡಿಯಾರ ಓಡಿಸಬೇಕಾ?

ಚಿಕ್ಕ ಲೇಔಟಿಗೆ ಗಡಿಯಾರ ಬೇಡ. ಸ್ಟೇಷನ್‌ನಿಂದ ಫಿಡಲ್ ಯಾರ್ಡ್‌ಗೆ ಒಂದು ನಿಮಿಷದ ದಾರಿ, ವೇಗದ ಗಡಿಯಾರ ಇಟ್ಟರೆ ಅದರ ಹಿಂದೆ ಓಡುವುದೇ ಕೆಲಸವಾಗುತ್ತದೆ. ಬದಲಿಗೆ ಸರದಿ ಬರೆದುಕೊಳ್ಳಿ: ಬೆಳಗಿನ ಮಿಕ್ಸೆಡ್ ಬರುತ್ತದೆ, ಶಂಟಿಂಗ್ ಆಗುತ್ತದೆ, ಮಿಕ್ಸೆಡ್ ಹೋಗುತ್ತದೆ, ಮಧ್ಯಾಹ್ನದ ಗೂಡ್ಸ್, ಸಂಜೆಯ ಪ್ಯಾಸೆಂಜರ್. ಒಂದು ಮುಗಿದ ಮೇಲೆ ಇನ್ನೊಂದು. ನಡುವೆ ಕಾಫಿಗೆ ಎದ್ದು ಹೋದರೂ ಗಾಡಿ ಲೇಟಾಗುವುದಿಲ್ಲ. ನಾಳೆ ಬಂದು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಬಹುದು.

ವರ್ಷ ಆಯ್ತು, ಎಲ್ಲ ನಡೆಯೂ ಗೊತ್ತಾಗಿದೆ. ಕಿತ್ತು ದೊಡ್ಡದು ಮಾಡಲಾ?

ಕೀಳುವ ಮೊದಲು ಕೆಲಸ ಬದಲಿಸಿ ನೋಡಿ. ಅದೇ ಹಳಿಯ ಮೇಲೆ ಸುಗ್ಗಿಕಾಲ ತನ್ನಿ: ಎರಡು ವಾರ ಬರೀ ಕಬ್ಬು, ಹತ್ತಿ, ದಿನವೂ ವ್ಯಾಗನ್ ಸಾಲದು. ಒಂದು ಸೈಡಿಂಗ್ ರಿಪೇರಿಗೆ ಅಂತ ಮುಚ್ಚಿಬಿಡಿ. ಪೆಟ್ರೋಲ್ ಟ್ಯಾಂಕರ್ ಒಂದನ್ನು ಸೇರಿಸಿ, ಅದು ಇಂಜಿನ್ನಿಗೂ ಬ್ರೇಕ್ ವ್ಯಾನ್‌ಗೂ ಅಂಟಿಕೊಂಡಿರಬಾರದು ಅಂತ ನಿಯಮ ಮಾಡಿ. ಇಷ್ಟಕ್ಕೇ ಗೊತ್ತಿದ್ದ ನಡೆಗಳು ಅರ್ಧದಷ್ಟು ಕೈಕೊಡುತ್ತವೆ.

ಆಮೇಲೂ ದೊಡ್ಡದು ಬೇಕು ಅನಿಸಿದರೆ ಈಗಿನದನ್ನು ಹಾಗೇ ಉಳಿಸಿಕೊಂಡು ಫಿಡಲ್ ಯಾರ್ಡ್ ಇದ್ದ ತುದಿಗೆ ಇನ್ನೊಂದು ಬೋರ್ಡ್ ಸೇರಿಸಿ. ಎರಡು ಬೋರ್ಡ್ ಸೇರುವ ಕಡೆ ಹಳಿ ನೇರವಾಗಿರಲಿ, ಅಂಚಿಗೆ ಲಂಬವಾಗಿ ದಾಟಲಿ, ಆ ಜಾಗದಲ್ಲಿ ಪಾಯಿಂಟ್ ಬೇಡ. ಹಳಿಯ ತುದಿಗಳನ್ನು ಹಿತ್ತಾಳೆ ಸ್ಕ್ರೂ ತಲೆಗೆ ಬೆಸುಗೆ ಹಾಕಿ ಬಿಗಿ ಮಾಡಿದರೆ ಬಿಚ್ಚಿ ಜೋಡಿಸಿದಾಗಲೂ ಅಲುಗಾಡುವುದಿಲ್ಲ. ಹೊಸ ಬೋರ್ಡಿನಲ್ಲಿ ದಾರಿ ನಡುವಿನ ಒಂದು ಸ್ಟೇಷನ್ ಮಾಡಿ, ಎರಡು ಗಾಡಿ ದಾಟಿಕೊಳ್ಳುವಷ್ಟು ಲೂಪ್ ಇರಲಿ. ಅಲ್ಲಿಗೆ ಎರಡನೇ ಇಂಜಿನ್ನಿಗೂ ಎರಡನೇ ಬಳೆಗೂ ಕೆಲಸ ಸಿಗುತ್ತದೆ.